ಡೈವಿಂಗ್‌ಗೆ ಈ ಕೆರಿಬಿಯನ್ ದ್ವೀಪ ಯೋಗ್ಯವಾ? ಟಿಕೆಟ್ ತೆಗೆಯುವ ಮೊದಲು ಅಳೆದು ನೋಡುವ ಬಗೆ

ಕೆರಿಬಿಯನ್‌ನಲ್ಲಿ ಡೈವಿಂಗ್ ಜಾಹೀರಾತು ಇಲ್ಲದ ದ್ವೀಪ ಹುಡುಕಿದರೂ ಸಿಗುವುದಿಲ್ಲ. ಎಲ್ಲ ಕಡೆ ಅದೇ ನೀಲಿ ನೀರು, ಅದೇ ಆಮೆ, ಅದೇ ನಗುಮುಖದ ಡೈವರ್. ಫೋಟೋ ನೋಡಿದರೆ ಸಾಬಾ ಯಾವುದು, ಗ್ರೆನಡಾ ಯಾವುದು ಅಂತ ಹೇಳುವುದೇ ಕಷ್ಟ. ನೀರಿಗಿಳಿದ ಮೇಲೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಕಡೆ ದಡದಿಂದ ನಡೆದುಕೊಂಡೇ ಹವಳದ ಹತ್ತಿರ ಹೋಗಬಹುದು. ಇನ್ನೊಂದು ಕಡೆ ಬೋಟ್ ಇಲ್ಲದೆ ಏನೂ ಆಗದು. ಮತ್ತೊಂದು ಕಡೆ ಸೆಳೆತ ಎಷ್ಟಿರುತ್ತದೆ ಅಂದರೆ ಹೊಸಬರು ಇಳಿಯಲೇಬಾರದು.

ಇದರ ಜೊತೆಗೆ ಇನ್ನೊಂದು ವಿಷಯ ಇದೆ. ಕಳೆದ ಹತ್ತು ವರ್ಷಗಳಲ್ಲಿ ಕೆರಿಬಿಯನ್ ಹವಳ ಬಹಳ ಬದಲಾಗಿದೆ. 2015ರಲ್ಲಿ ಹೋಗಿ ಬಂದವರು ಮನಸಾರೆ ಹೊಗಳಿದ್ದು ಆಗ ನಿಜವಿದ್ದರೂ ಇವತ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ನಾನು ದ್ವೀಪವನ್ನು ಅಳೆಯುವುದು ಮೂರು ಪ್ರಶ್ನೆಯಿಂದ: ಯಾವ ದಡ, ಯಾವ ತಿಂಗಳು, ಹವಳವನ್ನು ಯಾರು ಕಾಯುತ್ತಿದ್ದಾರೆ? ಬಾಕಿ ಎಲ್ಲ ಇದರ ನಂತರ. ಬರೀ ಮಾತಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ, ಹಾಗಾಗಿ ಬೊನೇರ್ ದ್ವೀಪವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ. ವೆನೆಜುವೆಲಾ ಕರಾವಳಿಯಿಂದ ಸುಮಾರು 80 ಕಿ.ಮೀ. ಉತ್ತರಕ್ಕಿರುವ, ನೆದರ್ಲೆಂಡ್ಸ್ ಆಡಳಿತದ ಪುಟ್ಟ ದ್ವೀಪ ಇದು.

ಹೆಜ್ಜೆ 1: ನಿಮಗೆ ಏನು ಬೇಕು ಅಂತ ಮೊದಲು ತೀರ್ಮಾನಿಸಿ

ಅಂಡಮಾನ್‌ನಲ್ಲೋ ಮಾಲ್ಡೀವ್ಸ್‌ನಲ್ಲೋ ಡೈವ್ ಮಾಡಿ ಬಂದವರು ಕೆರಿಬಿಯನ್‌ನಲ್ಲಿ ಮೊದಲು ಹುಡುಕುವುದು ಕ್ಲೌನ್‌ಫಿಶ್. ಅದು ಅಲ್ಲಿ ಇಲ್ಲವೇ ಇಲ್ಲ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾ ಬಳಿ ನೆಲ ಎದ್ದು ಎರಡು ಸಾಗರಗಳ ನಡುವಿನ ದಾರಿ ಮುಚ್ಚಿಹೋಯಿತು. ಆಮೇಲೆ ಅಟ್ಲಾಂಟಿಕ್ ಕಡೆಯ ಜೀವಿಗಳು ತಮ್ಮದೇ ದಾರಿ ಹಿಡಿದವು. ಇಂಡೊನೇಷ್ಯಾ, ಫಿಲಿಪೈನ್ಸ್ ಸುತ್ತಮುತ್ತ 500ಕ್ಕೂ ಹೆಚ್ಚು ಬಗೆಯ ಗಟ್ಟಿ ಹವಳ ಇದ್ದರೆ, ಇಡೀ ಕೆರಿಬಿಯನ್‌ನಲ್ಲಿ ಇರುವುದು 65ರ ಆಸುಪಾಸು.

ಹಾಗಂತ ಕೆರಿಬಿಯನ್ ಬಡವಾಗಿದೆ ಅಂತಲ್ಲ. ಒಬ್ಬ ಮನುಷ್ಯ ಒಳಗೆ ಕೂರಬಹುದಾದಷ್ಟು ದೊಡ್ಡ ಬ್ಯಾರೆಲ್ ಸ್ಪಂಜುಗಳು, ಅಲೆಗೆ ತೂಗಾಡುವ ನೇರಳೆ ಸೀ ಫ್ಯಾನ್‌ಗಳು, ರಾತ್ರಿ ಡೈವ್‌ನಲ್ಲಿ ಟಾರ್ಚ್ ಬೆಳಕು ಹಿಡಿದು ಹಿಂದೆಯೇ ಬರುವ ಟಾರ್ಪನ್ ಮೀನುಗಳು, ಕಡಲಕುದುರೆ, ಫ್ರಾಗ್‌ಫಿಶ್. ಇವೆಲ್ಲ ಅಲ್ಲಿನ ಸೊಗಸು. ಆದರೆ ಮನಸ್ಸಿನಲ್ಲಿ ಬೇರೆ ಸಮುದ್ರವನ್ನು ಇಟ್ಟುಕೊಂಡು ಹೋದರೆ ಯಾವ ದ್ವೀಪವೂ ಹಿಡಿಸುವುದಿಲ್ಲ.

ಈಗ ಡೈವ್ ಬಗೆ ನೋಡಿ. ಸೆಳೆತದ ಜೊತೆ ತೇಲುತ್ತಾ ಹೋಗುವುದು ಇಷ್ಟವಾದರೆ ಮೆಕ್ಸಿಕೋದ ಕೊಝುಮೆಲ್. ಸಮುದ್ರದ ತಳದಿಂದ ಎದ್ದು ನಿಂತ ಕಲ್ಲಿನ ಶಿಖರ ಬೇಕಾದರೆ ಸಾಬಾ. ನೇರ ಕಡಿದಂತಿರುವ ಗೋಡೆ ಬೇಕಾದರೆ ಲಿಟಲ್ ಕೇಮನ್‌ನ ಬ್ಲಡಿ ಬೇ. ದೊಡ್ಡ ಹಡಗಿನ ಅವಶೇಷ ನೋಡಬೇಕಾದರೆ ಗ್ರೆನಡಾ. 1961ರಲ್ಲಿ ಬೆಂಕಿ ಬಿದ್ದು ಮುಳುಗಿದ ಬಿಯಾಂಕಾ ಸಿ ಎಂಬ ಪ್ರಯಾಣಿಕರ ಹಡಗು ಅಲ್ಲಿದೆ, ಆದರೆ ಅದು ಆಳದಲ್ಲಿದೆ, ಅನುಭವ ಇದ್ದವರಿಗೆ ಮಾತ್ರ. ಗೈಡ್ ಹಂಗಿಲ್ಲದೆ, ಗೆಳೆಯನೊಬ್ಬನ ಜೊತೆ, ಮನಸ್ಸು ಬಂದಾಗ ನೀರಿಗಿಳಿಯಬೇಕು ಅನ್ನುವವರಿಗೆ ಬೊನೇರ್.

ನಿಮ್ಮ ಡೈವಿಂಗ್ ಕಾರ್ಡ್ (ತರಬೇತಿ ಮುಗಿಸಿದ್ದಕ್ಕೆ ಕೊಡುವ ಪ್ರಮಾಣಪತ್ರ) ಯಾವ ಮಟ್ಟದ್ದು ಅನ್ನುವುದನ್ನೂ ಇಲ್ಲೇ ಸೇರಿಸಿ. ಓಪನ್ ವಾಟರ್ ಆಗಿದ್ದರೆ 18 ಮೀಟರ್, ಅಡ್ವಾನ್ಸ್ಡ್ ಆಗಿದ್ದರೆ 30 ಮೀಟರ್. ದ್ವೀಪದ ಹೆಸರಾಂತ ಜಾಗಗಳೆಲ್ಲ 30 ಮೀಟರ್‌ನಲ್ಲೇ ಇದ್ದರೆ, ಓಪನ್ ವಾಟರ್ ಕಾರ್ಡ್ ಹಿಡಿದು ಅಲ್ಲಿಗೆ ಹೋಗಿ ಏನು ಮಾಡುತ್ತೀರಿ? ಮುರುಡೇಶ್ವರದಿಂದ ಹೋಗಿ ನೇತ್ರಾಣಿಯಲ್ಲಿ ಒಂದೆರಡು ಸಲ ಬೋಧಕರ ಕೈ ಹಿಡಿದು ಇಳಿದ ಅನುಭವ ಮಾತ್ರ ಇದ್ದವರು ಮೊದಲು ಕೋರ್ಸ್ ಮುಗಿಸಿ. ಆಮೇಲೆ ಕೆರಿಬಿಯನ್ ಯೋಚನೆ ಮಾಡಿ.

ಹೆಜ್ಜೆ 2: ನಕ್ಷೆ ತೆರೆಯಿರಿ, ಗಾಳಿ ಎತ್ತ ಕಡೆಯಿಂದ ಬರುತ್ತೆ ನೋಡಿ

ಇದು ಪುಕ್ಕಟೆ ಕೆಲಸ, ಅರ್ಧ ಗಂಟೆ ಸಾಕು. ಆದರೂ ಮಾಡುವವರು ಕಡಿಮೆ.

ಕೆರಿಬಿಯನ್‌ನಲ್ಲಿ ವರ್ಷದ ಬಹುಪಾಲು ಗಾಳಿ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಹೆಚ್ಚಿನ ದ್ವೀಪಗಳಲ್ಲಿ ಪೂರ್ವದ ದಡಕ್ಕೆ ಅಲೆ ಬಡಿಯುತ್ತಿರುತ್ತದೆ, ಪಶ್ಚಿಮದ ದಡ ಮರೆಯಲ್ಲಿರುತ್ತದೆ. ಡೈವಿಂಗ್ ನಡೆಯುವುದು ಆ ಮರೆಯ ಕಡೆ. ನೀವು ನೋಡಿಟ್ಟ ಹೋಟೆಲ್ ಪೂರ್ವದ ದಡದಲ್ಲಿದ್ದರೆ ಕಿಟಕಿಯಿಂದ ನೋಟ ಚೆನ್ನಾಗಿರಬಹುದು, ಆದರೆ ದಿನಾ ಬೆಳಗ್ಗೆ ಟ್ಯಾಂಕ್ ಹೇರಿಕೊಂಡು ಇನ್ನೊಂದು ಬದಿಗೆ ಓಡಬೇಕು.

ಬೊನೇರ್ ಆಕಾರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಪಶ್ಚಿಮಕ್ಕೆ ಬಿಲ್ಲಿನಂತೆ ಬಾಗಿದ ದಡ, ಅದರ ಎದುರಿಗೆ ಕ್ಲೈನ್ ಬೊನೇರ್ ಎಂಬ ಜನ ವಾಸವಿಲ್ಲದ ಚಿಕ್ಕ ದ್ವೀಪ. ನಡುವಿನ ನೀರು ಹೆಚ್ಚಿನ ದಿನ ಶಾಂತ. ಉಪಗ್ರಹದ ಚಿತ್ರ ಹಿಗ್ಗಿಸಿ ನೋಡಿ. ದಡದ ಪಕ್ಕ ತಿಳಿ ಹಸಿರಿನ ಸಣ್ಣ ಪಟ್ಟಿ, ಅದರ ಆಚೆ ಒಮ್ಮೆಲೇ ಕಡುನೀಲಿ. ಆ ಗೆರೆಯೇ ರೀಫ್, ಅಂದರೆ ಹವಳದ ದಿಬ್ಬ, ಕೆಳಗಿಳಿಯುವ ಜಾಗ. ಈ ಪಟ್ಟಿ ಎಷ್ಟು ಕಿರಿದಾಗಿದೆಯೋ ದಡದಿಂದ ಈಜುವ ದೂರ ಅಷ್ಟು ಕಡಿಮೆ. ಪಟ್ಟಿ ಕಿಲೋಮೀಟರ್‌ಗಟ್ಟಲೆ ಅಗಲ ಇದ್ದರೆ ಬೋಟ್ ಬೇಕೇ ಬೇಕು ಅಂತ ಅರ್ಥ.

ಇನ್ನು ನದಿ ಮತ್ತು ಮಳೆ. ಬೊನೇರ್ ಒಣ ದ್ವೀಪ. ಕಳ್ಳಿ ಗಿಡ, ಉಪ್ಪಿನ ಗದ್ದೆ, ಕಾಡು ಕತ್ತೆಗಳ ಊರು. ಮಣ್ಣು ಹೊತ್ತು ತರುವ ನದಿ ಇಲ್ಲದ ಕಾರಣ ನೀರು ತಿಳಿಯಾಗಿರುತ್ತದೆ, 30 ಮೀಟರ್ ದೂರ ಕಾಣುವುದು ಅಪರೂಪವೇನಲ್ಲ. ಟೊಬೇಗೋ ಇದಕ್ಕೆ ತದ್ವಿರುದ್ಧ. ದಕ್ಷಿಣ ಅಮೆರಿಕದ ಒರಿನೋಕೋ ನದಿಯ ನೀರು ಅಲ್ಲಿಯವರೆಗೂ ಬರುತ್ತದೆ. ನೀರು ಹಸಿರಾಗುತ್ತದೆ, ದೂರ ಕಾಣುವುದಿಲ್ಲ. ಆದರೆ ಅದೇ ನೀರಿನಲ್ಲಿ ಪೌಷ್ಟಿಕಾಂಶ ಜಾಸ್ತಿ, ಸ್ಪೇಸೈಡ್ ಬಳಿ ಮನೆಗಾತ್ರದ ಬ್ರೇನ್ ಕೋರಲ್ (ಮಿದುಳಿನಂತೆ ಗೀರುಗಳಿರುವ ದುಂಡು ಹವಳ) ಇದೆ. ತಿಳಿನೀರೊಂದನ್ನೇ ನೋಡಿ ದ್ವೀಪ ಆರಿಸಿದರೆ ಇಂಥದ್ದು ತಪ್ಪಿಹೋಗುತ್ತದೆ.

ಹೆಜ್ಜೆ 3: ತಿಂಗಳು

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಜೋರು ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ. ಆ ತಿಂಗಳುಗಳಲ್ಲಿ ದರ ಇಳಿಯುವುದು ಸುಮ್ನೆ ಅಲ್ಲ. 2017ರ ಸೆಪ್ಟೆಂಬರ್ ಒಂದರಲ್ಲೇ ಇರ್ಮಾ ಬಾರ್ಬುಡಾವನ್ನೂ ಸೇಂಟ್ ಮಾರ್ಟಿನ್ ಅನ್ನೂ, ಮರಿಯಾ ಡೊಮಿನಿಕಾವನ್ನೂ ನೆಲಸಮ ಮಾಡಿದವು. 2024ರಲ್ಲಿ ಜುಲೈ 1ರಂದೇ ಬೆರಿಲ್ ಗ್ರೆನಡಾದ ಕರಿಯಾಕೂ ದ್ವೀಪವನ್ನು ಹೊಡೆಯಿತು.

ಅರೂಬಾ, ಬೊನೇರ್, ಕ್ಯುರಸಾವೋ ಮೂರೂ ದಕ್ಷಿಣದಲ್ಲಿರುವುದರಿಂದ ಚಂಡಮಾರುತದ ಸಾಮಾನ್ಯ ದಾರಿಯಿಂದ ಹೊರಗಿವೆ. ಮಳೆಗಾಲದ ರಜೆಯಲ್ಲೇ ಹೋಗಬೇಕಾದವರಿಗೆ ಇದು ದೊಡ್ಡ ಅನುಕೂಲ. ಹಾಗಂತ ಪೂರ್ತಿ ನಿಶ್ಚಿಂತೆಯೂ ಅಲ್ಲ. 1999ರ ನವೆಂಬರ್‌ನಲ್ಲಿ ಲೆನ್ನಿ ಎಂಬ ಚಂಡಮಾರುತ ಎಂದಿನಂತಲ್ಲದೆ ಪಶ್ಚಿಮದಿಂದ ಪೂರ್ವಕ್ಕೆ ಹೋಯಿತು. ದ್ವೀಪಕ್ಕೆ ತಾಗದೇ ಇದ್ದರೂ ಅದು ಎಬ್ಬಿಸಿದ ಅಲೆ ಬೊನೇರ್‌ನ ಪಶ್ಚಿಮ ದಡದ ಮೇಲ್ಭಾಗದ ಹವಳವನ್ನು ಪುಡಿ ಮಾಡಿತು. ಗಾಳಿ ದಿಕ್ಕು ಬದಲಿಸಿದ ದಿನ ಮರೆಯ ದಡ ಮರೆಯಾಗಿ ಉಳಿಯುವುದಿಲ್ಲ.

2011ರಿಂದ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿಯಾಗಿ ಬರುತ್ತಿದೆ. ದಡಕ್ಕೆ ಬಂದು ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಹೆಚ್ಚಾಗಿ ಬಡಿಯುವುದು ಪೂರ್ವದ ದಡಗಳಿಗೆ. ಡೈವ್ ಮಾಡುವ ಬದಿ ಮರೆಯಲ್ಲಿದ್ದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಹೆಜ್ಜೆ 4: ಹವಳ ಬದುಕಿದೆಯಾ?

ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಕೊಡಿ.

2014ರಲ್ಲಿ ಮಯಾಮಿ ಬಳಿ ಒಂದು ಹೊಸ ರೋಗ ಕಾಣಿಸಿತು. ಗಟ್ಟಿ ಹವಳದ ಜೀವಂತ ಪದರವನ್ನು ತಿನ್ನುತ್ತಾ ಹೋಗುವ ರೋಗ, ಡೈವರ್‌ಗಳು ಎಸ್‌ಸಿಟಿಎಲ್‌ಡಿ ಅಂತ ಕರೆಯುತ್ತಾರೆ. 20ಕ್ಕೂ ಹೆಚ್ಚು ಬಗೆಯ ಹವಳಕ್ಕೆ ತಗಲುತ್ತದೆ. ನೂರಾರು ವರ್ಷ ಬೆಳೆದ ಬ್ರೇನ್ ಕೋರಲ್ ಕೆಲವೇ ವಾರಗಳಲ್ಲೋ ತಿಂಗಳುಗಳಲ್ಲೋ ಸಾಯಬಹುದು. 2018ರಲ್ಲಿ ಕೊಝುಮೆಲ್ ಕಡೆ, 2020ರಲ್ಲಿ ಗ್ರ್ಯಾಂಡ್ ಕೇಮನ್‌ಗೆ, 2023ರಲ್ಲಿ ಬೊನೇರ್‌ಗೂ ಬಂತು. ಅದೇ 2023ರಲ್ಲಿ ಕೆರಿಬಿಯನ್ ನೀರು ಹಿಂದೆಂದೂ ಇಲ್ಲದಷ್ಟು ಬಿಸಿಯಾಗಿ ಹವಳ ಬಿಳಿಚಿಕೊಂಡಿತು. 2024ರ ಏಪ್ರಿಲ್‌ನಲ್ಲಿ ಸಾಗರ, ಹವಾಮಾನ ನೋಡಿಕೊಳ್ಳುವ ಅಮೆರಿಕದ ನೋವಾ ಸಂಸ್ಥೆ ಇದು ಜಗತ್ತಿನ ಮಟ್ಟದಲ್ಲಿ ಹವಳ ಬಿಳಿಚಿದ ನಾಲ್ಕನೇ ಘಟನೆ ಅಂತ ಸಾರಿತು.

ಇದನ್ನೆಲ್ಲ ಹೇಳುವಾಗ ಸಂಕಟವಾಗುತ್ತದೆ, ಆದರೆ ಹೇಳದೇ ಇದ್ದರೆ ನಿಮಗೆ ಮೋಸ ಮಾಡಿದಂತೆ. ಇವತ್ತು ಇಡೀ ಕೆರಿಬಿಯನ್‌ನಲ್ಲಿ ಪೆಟ್ಟು ತಿನ್ನದ ರೀಫ್ ಹುಡುಕುವುದರಲ್ಲಿ ಅರ್ಥವಿಲ್ಲ. ಎಷ್ಟು ಉಳಿದಿದೆ, ಚೇತರಿಸಿಕೊಳ್ಳುವ ಲಕ್ಷಣ ಇದೆಯಾ ಅನ್ನುವುದನ್ನು ನೋಡಬೇಕು.

ಮನೆಯಲ್ಲೇ ಕೂತು ನೋಡುವುದು ಹೀಗೆ. ನೋವಾದ ಕೋರಲ್ ರೀಫ್ ವಾಚ್ ನಕ್ಷೆಯಲ್ಲಿ ಆ ದ್ವೀಪದ ನೀರು ಈಗ ಎಷ್ಟು ಬಿಸಿ ಇದೆ, ಕಳೆದ ವಾರಗಳಲ್ಲಿ ಎಷ್ಟಿತ್ತು ಅಂತ ಸಿಗುತ್ತದೆ. ರೋಗ ಎಲ್ಲೆಲ್ಲಿ ಬಂದಿದೆ ಅನ್ನುವ ನಕ್ಷೆಯನ್ನು ಆಗ್ರಾ ಎಂಬ ಹವಳ ಸಮೀಕ್ಷೆಯವರು ಇಟ್ಟಿದ್ದಾರೆ. ಇವೆರಡನ್ನೂ ನೋಡಿದ ಮೇಲೆ ಡೈವರ್‌ಗಳು ಹಾಕಿದ ವಿಡಿಯೋಗಳಿಗೆ ಬನ್ನಿ. ಕಳೆದ ಆರು ತಿಂಗಳಿನದ್ದು ಮಾತ್ರ. ಮೀನಿನ ಹತ್ತಿರದ ಚಿತ್ರಗಳನ್ನು ಬಿಟ್ಟುಬಿಡಿ, ಅದರಿಂದ ಏನೂ ತಿಳಿಯುವುದಿಲ್ಲ. ಕ್ಯಾಮೆರಾ ದೂರಕ್ಕೆ ಹೋದಾಗ ಹಿಂದೆ ಕಾಣುವ ನೆಲ ನೋಡಿ, ಅಲ್ಲಿ ವಿಡಿಯೋ ನಿಲ್ಲಿಸಿ.

ನಿಲ್ಲಿಸಿದ ಆ ಚಿತ್ರದಲ್ಲಿ ಒಂದು ದುಂಡನೆಯ ಬ್ರೇನ್ ಕೋರಲ್ ಹುಡುಕಿ. ಇಡೀ ಉಂಡೆ ಒಂದೇ ಸಮ ಪೇಲವವಾಗಿದ್ದು, ಮೇಲಿನ ಗೀರುಗಳಲ್ಲಿ ಇನ್ನೂ ನುಣುಪು ಹೊಳಪು ಇದ್ದರೆ ಅದು ಬಿಸಿಯಿಂದ ಬಿಳಿಚಿದ್ದು. ಹವಳ ಇನ್ನೂ ಸತ್ತಿಲ್ಲ, ನೀರು ತಣ್ಣಗಾದರೆ ಉಳಿಯಬಹುದು. ಅದೇ ಒಂದು ಬದಿ ಕಂದು ಬಣ್ಣ, ಪಕ್ಕದಲ್ಲೇ ಗೆರೆ ಎಳೆದಂತೆ ಸುಣ್ಣದ ಬಿಳಿ, ಅದರಾಚೆ ಹಸಿರು ಪಾಚಿ ಹತ್ತಿದ ಬೂದು ಇದ್ದರೆ ಅದು ರೋಗ. ಕಂದು ಭಾಗ ಬದುಕಿರುವುದು, ಬಿಳಿ ಈಚೆಗೆ ಸತ್ತದ್ದು, ಬೂದು ಮೊದಲೇ ಸತ್ತದ್ದು. ಒಂದೇ ಉಂಡೆಯ ಮೇಲೆ ಮೂರು ಪಟ್ಟಿ. ಒಮ್ಮೆ ಗುರುತು ಸಿಕ್ಕರೆ ಆಮೇಲೆ ಯಾವ ಜಾಹೀರಾತೂ ನಿಮಗೆ ಮಂಕುಬೂದಿ ಎರಚಲಾರದು.

ಇನ್ನೊಂದು ಗುರುತು ಪ್ಯಾರಟ್‌ಫಿಶ್. ಹವಳದ ಮೇಲೆ ಬೆಳೆಯುವ ಪಾಚಿಯನ್ನು ಕೆರೆದು ತಿನ್ನುವ ಮೀನು ಇದು. ಕೊಕ್ಕಿನಂಥ ಹಲ್ಲಿನಿಂದ ಕಲ್ಲು ಕಚ್ಚುವ ಕಟಕಟ ಸದ್ದು ನೀರಿನಡಿ ಸ್ಪಷ್ಟವಾಗಿ ಕೇಳುತ್ತದೆ. ಪಾಚಿ ತಿನ್ನುವ ಇನ್ನೊಂದು ಪ್ರಾಣಿ ಉದ್ದ ಕಪ್ಪು ಮುಳ್ಳಿನ ಅರ್ಚಿನ್. 1983–84ರಲ್ಲಿ ಕೆರಿಬಿಯನ್ ತುಂಬಾ ಅರ್ಚಿನ್‌ಗಳು ಸತ್ತವು, 2022ರಲ್ಲಿ ಮತ್ತೆ ಸತ್ತವು. ಹಾಗಾಗಿ ಈಗ ಆ ಕೆಲಸದ ಭಾರವೆಲ್ಲ ಪ್ಯಾರಟ್‌ಫಿಶ್ ಮೇಲೆ. ಅದನ್ನು ಬಲೆ ಹಾಕಿ ಹಿಡಿದು ಮಾರುವ ದ್ವೀಪದಲ್ಲಿ ಸತ್ತ ಹವಳದ ಮೇಲೆ ಪಾಚಿಯ ಗುಡ್ಡೆ ಬೀಳುತ್ತದೆ, ಹೊಸ ಹವಳ ಕೂರಲು ಜಾಗವೇ ಇರುವುದಿಲ್ಲ. ಬೆಲೀಜ್ 2009ರಲ್ಲಿ, ಬೊನೇರ್ 2010ರಲ್ಲಿ ಇದನ್ನು ಹಿಡಿಯುವುದನ್ನು ನಿಷೇಧಿಸಿದವು.

ಹೆಜ್ಜೆ 5: ಕಾಯುವವರು ಯಾರು?

ಬೊನೇರ್ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ. 1971ರಲ್ಲೇ ಅಲ್ಲಿ ಈಟಿ ಬಂದೂಕಿನಿಂದ ಮೀನು ಹೊಡೆಯುವುದನ್ನು ನಿಲ್ಲಿಸಿದರು. 1979ರಲ್ಲಿ ಸುತ್ತಲಿನ ನೀರನ್ನೆಲ್ಲ 60 ಮೀಟರ್ ಆಳದವರೆಗೆ ಸಾಗರ ಉದ್ಯಾನ ಮಾಡಿದರು, ಕ್ಲೈನ್ ಬೊನೇರ್ ಕೂಡ ಸೇರಿಸಿ. ನೋಡಿಕೊಳ್ಳುವುದು ಸ್ಟಿನಾಪಾ ಎಂಬ ಸಂಸ್ಥೆ. ನೀರಿಗಿಳಿಯುವವರೆಲ್ಲ ಶುಲ್ಕ ಕಟ್ಟಬೇಕು, ಆ ಹಣ ಉದ್ಯಾನಕ್ಕೇ ಹೋಗುತ್ತದೆ. ಕೈಗವಸು ಹಾಕುವಂತಿಲ್ಲ, ಯಾಕೆಂದರೆ ಕೈಗವಸು ಇದ್ದರೆ ಜನ ಹವಳ ಹಿಡಿದುಕೊಳ್ಳುತ್ತಾರೆ. ಎಷ್ಟೇ ಅನುಭವ ಇದ್ದರೂ ಮೊದಲು ನಿಯಮ ಕೇಳಿಸಿಕೊಂಡು, ಸೊಂಟಕ್ಕೆ ಕಟ್ಟುವ ತೂಕ ಸರಿ ನೋಡುವ ಒಂದು ಪರೀಕ್ಷಾ ಡೈವ್ ಮಾಡಲೇಬೇಕು. ಕೆಲವರಿಗೆ ಇದು ಕಿರಿಕಿರಿ. ನನಗಂತೂ ಇದೇ ಆ ದ್ವೀಪದ ಯೋಗ್ಯತಾಪತ್ರ.

ಬೇರೆ ದ್ವೀಪವನ್ನು ಅಳೆಯುವಾಗ ಇದೇ ಪ್ರಶ್ನೆ ಕೇಳಿ. ಬೋಟ್ ಕಟ್ಟಲು ಖಾಯಂ ಬೋಯಾ ಇದೆಯಾ, ಇಲ್ಲಾ ರೀಫ್ ಮೇಲೇ ಲಂಗರು ಎಸೆಯುತ್ತಾರಾ? ಹವಳ ಕಷ್ಟದಲ್ಲಿದ್ದಾಗ ಜಾಗ ಮುಚ್ಚುವ ಧೈರ್ಯ ಇದೆಯಾ? ಕೊಝುಮೆಲ್‌ನಲ್ಲಿ 2019ರ ಅಕ್ಟೋಬರ್‌ನಲ್ಲಿ ಪಲಂಕಾರ್, ಕೊಲಂಬಿಯಾ ರೀಫ್‌ಗಳನ್ನು ಕೆಲಕಾಲ ಮುಚ್ಚಿದ್ದರು. ಪ್ರವಾಸಿಗರ ದುಡ್ಡಿನಲ್ಲೇ ಬದುಕುವ ಊರು ಹೀಗೆ ಮಾಡಿದರೆ ಅದು ಒಳ್ಳೆಯ ಸೂಚನೆ.

ಹೆಜ್ಜೆ 6: ಡೈವ್ ಶಾಪ್‌ಗೆ ಪತ್ರ ಬರೆಯಿರಿ

ಎರಡು ಮೂರು ಶಾಪ್‌ಗೆ ಒಂದೇ ಪ್ರಶ್ನೆಗಳನ್ನು ಕಳಿಸಿ. ಕಳೆದ ತಿಂಗಳು ನಿಮ್ಮ ಯಾವ ಜಾಗ ಚೆನ್ನಾಗಿತ್ತು, ಯಾವುದು ಕೆಟ್ಟಿದೆ? ಒಬ್ಬ ಗೈಡ್‌ಗೆ ಎಷ್ಟು ಜನ? ಹೊಸಬರನ್ನೂ ಅನುಭವಿಗಳನ್ನೂ ಒಂದೇ ಬೋಟ್‌ಗೆ ಹಾಕುತ್ತೀರಾ? ಬೋಟ್‌ನಲ್ಲಿ ಆಮ್ಲಜನಕ ಇದೆಯಾ? ಗಾಳಿ ಜೋರಾದ ದಿನ ಎಲ್ಲಿಗೆ ಕರೆದೊಯ್ಯುತ್ತೀರಿ? ನೈಟ್ರಾಕ್ಸ್‌ಗೆ (ಆಮ್ಲಜನಕ ಹೆಚ್ಚಿರುವ ಟ್ಯಾಂಕ್ ಗಾಳಿ) ಬೇರೆ ದುಡ್ಡಾ?

ಜಾಗದ ಹೆಸರು ಹೇಳಿ, ಇದು ಈಗ ಹಾಳಾಗಿದೆ, ಅದು ಪರವಾಗಿಲ್ಲ ಅಂತ ಬಿಡಿಸಿ ಬರೆದವರನ್ನು ನಂಬಬಹುದು. ಎಲ್ಲವೂ ಅದ್ಭುತ ಅಂತ ಒಂದೇ ಸಾಲು ಬಂದರೆ ಬೇರೆ ಶಾಪ್ ನೋಡಿ.

ಹೆಜ್ಜೆ 7: ಒಂದು ಡೈವ್‌ಗೆ ಎಷ್ಟು ಬೀಳುತ್ತೆ?

ಪ್ಯಾಕೇಜ್ ದರ ನೋಡಿ ಹೋಲಿಸಬೇಡಿ. ವಿಮಾನ, ವೀಸಾ, ವಸತಿ, ಗಾಡಿ, ಊಟ, ಶುಲ್ಕ, ವಿಮೆ ಎಲ್ಲ ಕೂಡಿಸಿ. ಅದನ್ನು ನಿಜವಾಗಿ ಮಾಡಬಹುದಾದ ಡೈವ್‌ಗಳಿಂದ ಭಾಗಿಸಿ. ಏಳು ರಾತ್ರಿಯ ಪ್ರವಾಸದಲ್ಲಿ ಬಂದ ದಿನ ಸುಸ್ತು. ಡೈವ್ ಆದ ಕೂಡಲೇ ವಿಮಾನ ಹತ್ತಿದರೆ ದೇಹಕ್ಕೆ ಅಪಾಯ, ಹಾಗಾಗಿ ಕೊನೆಯ ದಿನದ ವಿಮಾನಕ್ಕೆ ಒಂದು ದಿನ ಮೊದಲೇ ಡೈವ್ ನಿಲ್ಲಿಸಬೇಕು. ಹಲವು ದಿನ ಸತತ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಬಿಟ್ಟೇ ವಿಮಾನ ಹತ್ತಬೇಕು ಅನ್ನುವುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ. 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಅಂದರೆ ಉಳಿಯುವುದು ಐದು ದಿನ. ಬೋಟ್ ದ್ವೀಪದಲ್ಲಿ ದಿನಕ್ಕೆ ಎರಡರಂತೆ ಹತ್ತು ಡೈವ್, ಒಂದು ದಿನ ಗಾಳಿ ಕೆಟ್ಟರೆ ಎಂಟು.

ಬೊನೇರ್ ಇಲ್ಲಿ ಗೆಲ್ಲುತ್ತದೆ. ಅಲ್ಲಿ ಹೆಸರಿಟ್ಟ ಡೈವ್ ಜಾಗಗಳು 80ಕ್ಕೂ ಹೆಚ್ಚು, ಅರ್ಧಕ್ಕಿಂತ ಜಾಸ್ತಿ ದಡದಿಂದಲೇ ಸಿಗುತ್ತವೆ. ಪಿಕಪ್ ಗಾಡಿ ಬಾಡಿಗೆಗೆ ಹಿಡಿದು, ಹಿಂದೆ ಟ್ಯಾಂಕ್ ತುಂಬಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದರೆ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಕಲ್ಲು, ಅದರ ಮೇಲೆ ಜಾಗದ ಹೆಸರು. ಗಾಡಿ ನಿಲ್ಲಿಸಿ ಇಳಿಯುವುದೇ. ದಿನಕ್ಕೆ ಮೂರು ಡೈವ್ ಆರಾಮಾಗಿ ಆಗುತ್ತದೆ. ಆದರೆ ಆ ಇಳಿಯುವುದಿದೆಯಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಬಹಳ ಕಡೆ ದಡ ಅಂದರೆ ಮರಳಲ್ಲ, ಚೂಪು ಚೂಪಾದ ಹಳೆಯ ಹವಳದ ಕಲ್ಲು ಮತ್ತು ಉರುಳುವ ತುಂಡುಗಳು. ಬೆನ್ನ ಮೇಲೆ ಟ್ಯಾಂಕ್, ಸೊಂಟಕ್ಕೆ ತೂಕ, ಮೊಣಕಾಲಿಗೆ ಬಡಿಯುವ ಅಲೆ. ಗಟ್ಟಿ ಅಡಿಯ ಬೂಟು ಇಲ್ಲದಿದ್ದರೆ ಆಗುವುದೇ ಇಲ್ಲ. ಥೌಸಂಡ್ ಸ್ಟೆಪ್ಸ್ ಎಂಬ ಜಾಗದಲ್ಲಿ ಮೆಟ್ಟಿಲುಗಳು ಎಪ್ಪತ್ತರ ಆಸುಪಾಸು ಅಷ್ಟೇ, ಆದರೆ ಡೈವ್ ಮುಗಿಸಿ ಎಲ್ಲ ಹೊತ್ತು ಹತ್ತುವಾಗ ಹೆಸರು ಸರಿಯಾಗೇ ಇಟ್ಟಿದ್ದಾರೆ ಅನಿಸುತ್ತದೆ. ಮಂಡಿ ನೋವು, ಬೆನ್ನು ನೋವು ಇದ್ದವರು ಬೋಟ್ ಡೈವ್ ಲೆಕ್ಕ ಹಾಕಿಕೊಳ್ಳಿ. ಇನ್ನು ನಿಲ್ಲಿಸಿದ ಗಾಡಿಯಲ್ಲಿ ಪಾಸ್‌ಪೋರ್ಟ್, ಫೋನ್ ಏನೂ ಬಿಡಬೇಡಿ, ಕಳವಾಗುತ್ತದೆ.

ಪ್ರಯಾಣದ ಬಗ್ಗೆ ನೇರವಾಗಿ ಹೇಳುತ್ತೇನೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್ ಮೂಲಕ ಬೊನೇರ್‌ಗೆ ಹೋಗಬಹುದು, ಆದರೆ ಒಂದು ವಾರದ ಡೈವಿಂಗ್‌ಗೆ ಅಷ್ಟು ದೂರ ಹೋಗುವುದು ನನ್ನ ಪ್ರಕಾರ ದಂಡ. ಅದಕ್ಕೆ ಅಂಡಮಾನ್, ಮಾಲ್ಡೀವ್ಸ್ ಸಾಕು. ಹೂಸ್ಟನ್, ನ್ಯೂಜೆರ್ಸಿ, ಆಮ್‌ಸ್ಟರ್‌ಡ್ಯಾಮ್ ಕಡೆ ಇರುವ ನಮ್ಮವರಿಗೆ ಮಾತ್ರ ಇದು ಹತ್ತಿರ. ವೀಸಾ ಮರೆಯಬೇಡಿ. ಬೊನೇರ್ ಡಚ್ಚರ ಆಡಳಿತದಲ್ಲಿದ್ದರೂ ಷೆಂಗೆನ್ ವಲಯದಲ್ಲಿಲ್ಲ, ಅದರ ನಿಯಮವೇ ಬೇರೆ. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಕೊಝುಮೆಲ್‌ಗೆ ಮೆಕ್ಸಿಕೋ ವೀಸಾ ಬೇಕಿಲ್ಲ. ಕೆಲಸದ ವೀಸಾದಲ್ಲಿರುವವರು ವಾಪಸ್ ಬರಲು ಸ್ಟಾಂಪ್ ಸರಿಯಿದೆಯಾ ಅಂತ ನೋಡಿಕೊಂಡೇ ಹೊರಡಿ.

ಹೆಜ್ಜೆ 8: ಏನಾದರೂ ಆದರೆ?

ದ್ವೀಪದಲ್ಲಿ ಡಿಕಂಪ್ರೆಷನ್ ಚೇಂಬರ್ (ಆಳದಿಂದ ಬೇಗ ಮೇಲೆ ಬಂದಾಗ ಆಗುವ ತೊಂದರೆಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ) ಇದೆಯಾ, ಅದು ಈಗ ಕೆಲಸ ಮಾಡುತ್ತಿದೆಯಾ? ಎರಡನೇ ಪ್ರಶ್ನೆಯನ್ನು ಬಿಡಬೇಡಿ. ಚೇಂಬರ್ ಇಲ್ಲದಿದ್ದರೆ ಹತ್ತಿರದ್ದು ಯಾವ ದ್ವೀಪದಲ್ಲಿ, ರಾತ್ರಿ ಹೊತ್ತು ಅಲ್ಲಿಗೆ ಹೇಗೆ ಸಾಗಿಸುತ್ತಾರೆ ಅಂತ ಶಾಪ್‌ನವರನ್ನೇ ಕೇಳಿ. ಮಾಮೂಲಿ ಪ್ರಯಾಣ ವಿಮೆ ಸಾಲುವುದಿಲ್ಲ, ಡೈವಿಂಗ್ ವಿಮೆ ಬೇರೆಯೇ ಮಾಡಿಸಿ. ಚೇಂಬರ್ ಇಲ್ಲದ ಪುಟ್ಟ ದ್ವೀಪಗಳಿಗೆ ಹೋಗಬಾರದು ಅಂತಲ್ಲ, ಅಲ್ಲಿ ಆಳ ಕಡಿಮೆ ಮಾಡಿ, ಹುಷಾರಾಗಿರಿ.

ಜೊತೆಗೆ ಬರುವವರು ಡೈವ್ ಮಾಡದಿದ್ದರೆ

ಮಕ್ಕಳು, ಅಪ್ಪ ಅಮ್ಮ ಜೊತೆಗಿದ್ದರೆ ಬೊನೇರ್ ಸ್ವಲ್ಪ ಬೋರ್ ಹೊಡೆಸಬಹುದು. ಉದ್ದನೆಯ ಮರಳ ತೀರ ಕಡಿಮೆ, ಸಂಜೆಯ ಗದ್ದಲವೂ ಕಡಿಮೆ. ಫ್ಲೆಮಿಂಗೋ ಹಕ್ಕಿಗಳಿವೆ, ದಡದಲ್ಲೇ ಸ್ನಾರ್ಕೆಲ್ ಮಾಡಬಹುದು. ಸಸ್ಯಾಹಾರಿಗಳು ಅಡುಗೆಮನೆ ಇರುವ ಕೋಣೆ ಹಿಡಿಯುವುದು ವಾಸಿ. ಅಲ್ಲಿಯ ಫುಂಚಿ ಅನ್ನುವುದು ಮೆಕ್ಕೆಜೋಳದ ಹಿಟ್ಟಿನ ನಮ್ಮ ಮುದ್ದೆಯಂಥದ್ದೇ. ಆದರೆ ಪಕ್ಕಕ್ಕೆ ಬರುವುದು ಹೆಚ್ಚಾಗಿ ಮೀನು ಅಥವಾ ಮಾಂಸ, ಪುಳಿಯೋಗರೆ ಗೊಜ್ಜು ಬ್ಯಾಗಿನಲ್ಲಿರಲಿ. ಊಟವೇ ಮುಖ್ಯವಾದರೆ ಟೊಬೇಗೋ ಕಡೆ ನೋಡಿ. ಟ್ರಿನಿಡಾಡ್ ಮತ್ತು ಟೊಬೇಗೋದಲ್ಲಿ ಭಾರತೀಯ ಮೂಲದವರು ಬಹಳ ಇರುವುದರಿಂದ ರೋಟಿ, ಕಡಲೆ ಪಲ್ಯ ಇಟ್ಟ ಡಬಲ್ಸ್ ಸುಲಭವಾಗಿ ಸಿಗುತ್ತವೆ.

ಕೊನೆಯ ತೀರ್ಮಾನ

ದಡ, ತಿಂಗಳು, ಕಾವಲು. ಈ ಮೂರರಲ್ಲಿ ಒಂದಕ್ಕೆ ಉತ್ತರ ಕೆಟ್ಟದಾಗಿದ್ದರೂ ಆ ದ್ವೀಪವನ್ನು ಮುಂದಕ್ಕೆ ಹಾಕುತ್ತೇನೆ, ದರ ಎಷ್ಟೇ ಕಡಿಮೆ ಇರಲಿ. ಮೂರೂ ಚೆನ್ನಾಗಿದ್ದು ಖರ್ಚು ಜಾಸ್ತಿ ಅನಿಸಿದರೆ ದಿನ ಕಡಿಮೆ ಮಾಡುವ ಬದಲು ಒಂದು ವರ್ಷ ಕಾದು ಹೋಗುವುದು ಮೇಲು.

ಬೊನೇರ್‌ಗೆ ನನ್ನ ಉತ್ತರ: ಹೌದು, ಆದರೆ ಎಲ್ಲರಿಗೂ ಅಲ್ಲ. ಶಾರ್ಕ್ ನೋಡಲೇಬೇಕು ಅನ್ನುವವರು, ಪ್ರತಿ ಡೈವ್‌ಗೂ ಗೈಡ್ ಬೇಕು ಅನ್ನುವವರು ಬೇರೆ ಕಡೆ ಹೋಗಲಿ. ನಿಧಾನವಾಗಿ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುವವರಿಗೆ, ಕ್ಯಾಮೆರಾ ಹಿಡಿದವರಿಗೆ, ನಂಬಿಕೆಯ ಜೊತೆಗಾರ ಇದ್ದವರಿಗೆ ಇದಕ್ಕಿಂತ ಒಳ್ಳೆಯ ದ್ವೀಪ ಕೆರಿಬಿಯನ್‌ನಲ್ಲಿ ನನಗೆ ಗೊತ್ತಿಲ್ಲ. ಹೋದರೆ ಮೊದಲ ಎರಡು ದಿನ ಊರ ಹತ್ತಿರದ ಸುಲಭ ಜಾಗಗಳಲ್ಲಿ ಇಳಿಯಿರಿ. ಉಪ್ಪು ತುಂಬುವ ಸಾಲ್ಟ್ ಪಿಯರ್‌ನ ಕಂಬಗಳ ನಡುವೆ ಹೋಗುವ ಮೊದಲು ಹಡಗು ನಿಂತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಹಡಗಿದ್ದರೆ ಅಲ್ಲಿ ಡೈವ್ ಮಾಡುವಂತಿಲ್ಲ. 1984ರಲ್ಲಿ ಮುಳುಗಿದ ಹಿಲ್ಮಾ ಹೂಕರ್ ಹಡಗು ಸುಮಾರು 30 ಮೀಟರ್ ಆಳದಲ್ಲಿ ಮಗ್ಗುಲಾಗಿ ಮಲಗಿದೆ. ಅದನ್ನು ದಿನದ ಮೊದಲ ಡೈವ್ ಆಗಿ ಇಟ್ಟುಕೊಳ್ಳಿ. ರೋಗ ಇರುವ ಜಾಗದಲ್ಲಿ ಇಳಿಯುವುದಾದರೆ ಅದನ್ನು ದಿನದ ಕೊನೆಗೆ ಇಡಿ. ಬಂದ ಮೇಲೆ ಬಿಸಿಡಿ (ಗಾಳಿ ತುಂಬುವ ಡೈವಿಂಗ್ ಜಾಕೆಟ್), ಬೂಟು, ಸೂಟು ಎಲ್ಲವನ್ನೂ ಸೋಂಕುನಾಶಕ ಹಾಕಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಮರುದಿನ ಆರೋಗ್ಯವಾಗಿರುವ ಹವಳಕ್ಕೆ ರೋಗ ಹೊತ್ತೊಯ್ಯುವವರು ನೀವೇ ಆಗಬಹುದು.